ಹೀಥ್ರೋದಲ್ಲಿ ಇಳಿದ ಮೇಲೆ: ಎಲಿಜಬೆತ್ ಲೈನ್ ಹತ್ತುವುದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ತರದ ಮೆಸೇಜುಗಳು ಬರುತ್ತವೆ. "ಅಣ್ಣಾ, ಏರ್‌ಪೋರ್ಟಿಂದ ಇಲ್‌ಫರ್ಡ್‌ಗೆ ಹೇಗೆ ಹೋಗೋದು? ಎರಡು ದೊಡ್ಡ ಸೂಟ್‌ಕೇಸ್ ಇದೆ." ಬೇಸಿಗೆ ರಜೆ ಹತ್ತಿರವಾದರೆ ಪ್ರಶ್ನೆ ಬೇರೆ. "ಅಪ್ಪ ಅಮ್ಮ ಬರ್ತಿದ್ದಾರೆ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಟ್ಯಾಕ್ಸಿನೇ ಮಾಡ್ಬೇಕಾ?"

ಇಬ್ಬರಿಗೂ ನಾನು ಹೇಳುವುದು ಒಂದೇ. ಎಲಿಜಬೆತ್ ಲೈನ್ ಹತ್ತಿ. ಲಂಡನ್ನಿನ ರೈಲುಗಳಲ್ಲಿ ಹೊಸಬರಿಗೆ ಇಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಆದರೆ ಇದರಲ್ಲಿ ನಾಲ್ಕೈದು ಕಡೆ ಜನ ಎಡವುತ್ತಾರೆ. ನಾನೂ ಎಡವಿದ್ದೇನೆ. ಪ್ರತಿ ಸಲ ಒಬ್ಬೊಬ್ಬರಿಗೂ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ

ಒಂದು ಹಗ್ಗ. ಎರಡೂ ತುದಿಯಲ್ಲಿ ಎರಡೆರಡು ಎಳೆಯಾಗಿ ಬಿಚ್ಚಿಕೊಂಡಿದೆ ಅಂದುಕೊಳ್ಳಿ. ಪಶ್ಚಿಮದ ಎರಡು ಎಳೆಗಳಲ್ಲಿ ಒಂದು ಹೀಥ್ರೋ ವಿಮಾನ ನಿಲ್ದಾಣಕ್ಕೆ, ಇನ್ನೊಂದು ಸ್ಲೌ, ಮೇಡನ್‌ಹೆಡ್ ದಾಟಿ ರೆಡಿಂಗ್‌ಗೆ ಹೋಗುತ್ತದೆ. ಪೂರ್ವದ ಎರಡರಲ್ಲಿ ಒಂದು ಸ್ಟ್ರಾಟ್‌ಫರ್ಡ್, ಇಲ್‌ಫರ್ಡ್, ರಾಮ್‌ಫರ್ಡ್ ಮೂಲಕ ಶೆನ್‌ಫೀಲ್ಡ್‌ಗೆ, ಇನ್ನೊಂದು ಕ್ಯಾನರಿ ವಾರ್ಫ್ ಮೂಲಕ ಆ್ಯಬಿ ವುಡ್‌ಗೆ. ನಡುವೆ ಪ್ಯಾಡಿಂಗ್ಟನ್‌ನಿಂದ ವೈಟ್‌ಚಾಪಲ್‌ವರೆಗೆ ಹೆಚ್ಚುಕಡಿಮೆ ಎಲ್ಲ ರೈಲುಗಳೂ ಒಂದೇ ಸುರಂಗದ ದಾರಿಯಲ್ಲಿ ಓಡುತ್ತವೆ. ಒಟ್ಟು 41 ನಿಲ್ದಾಣ. ಈ ಹಗ್ಗ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗೀತು.

ಹೆಸರು ಓದುವಾಗ ಒಂದು ಮಾತು. ರೆಡಿಂಗ್ ಅನ್ನುವ ಊರಿನ ಇಂಗ್ಲಿಷ್ ಅಕ್ಷರ ನೋಡಿ ನಾವೆಲ್ಲ 'ರೀಡಿಂಗ್' ಅಂತ ಓದಿದವರೇ. ಹಾಗೆ ಹೇಳಿದರೆ ಇಲ್ಲಿನವರಿಗೆ ಒಂದು ಕ್ಷಣ ಗೊತ್ತಾಗುವುದಿಲ್ಲ. ಹಾಗೇ ಆ್ಯಬಿ ವುಡ್‌ಗೆ ಮುಂಚೆ ಬರುವ ನಿಲ್ದಾಣ 'ವೂಲ್‌ವಿಚ್' ಅಲ್ಲ, ವುಲಿಚ್.

ನಕ್ಷೆಯಲ್ಲಿ ಈ ಲೈನಿಗೆ ನೇರಳೆ ಬಣ್ಣ. ನಮ್ಮಪ್ಪ ಮೊದಲ ಸಲ ನೋಡಿದಾಗ, "ಇದೂ ಪರ್ಪಲ್ ಲೈನೇ ಏನೋ? ವೈಟ್‌ಫೀಲ್ಡ್ ಎಲ್ಲಿ ಬರುತ್ತೆ?" ಅಂತ ಕೇಳಿದ್ದರು. ವೈಟ್‌ಫೀಲ್ಡ್ ಇಲ್ಲ, ವೈಟ್‌ಚಾಪಲ್ ಇದೆ ಅಂದೆ. ಹೊರಗಿನ ಊರುಗಳನ್ನು ನಗರದ ನಡುವಿಗೆ ತಂದು ಸೇರಿಸುವುದರಿಂದ ಇದು ಮೆಟ್ರೊಗಿಂತ ನಮ್ಮ ಉಪನಗರ ರೈಲು ಯೋಜನೆಗೇ ಹತ್ತಿರ. ಇವರು ರಾಣಿಯ ಹೆಸರಿಟ್ಟರು, ನಮ್ಮವರು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರಿಟ್ಟಿದ್ದಾರೆ. ಇಲ್ಲಿ ಜನ ರೈಲು ಹತ್ತಿದ್ದು 2022ರ ಮೇ 24ರಂದು. ಬೆಂಗಳೂರಿನಲ್ಲಿ ಶಂಕುಸ್ಥಾಪನೆ ಆಗಿದ್ದು ಅದೇ ವರ್ಷ ಜೂನ್ 20ರಂದು. ಹಾಗಂತ ಲಂಡನ್ನಿನವರು ಹೇಳಿದ ಟೈಮಿಗೆ ಮುಗಿಸಿದರು ಅಂದುಕೊಳ್ಳಬೇಡಿ. 2009ರಲ್ಲಿ ಕೆಲಸ ಶುರುವಾಗಿ, 2018ರ ಡಿಸೆಂಬರ್‌ಗೆ ತೆರೆಯಬೇಕಿದ್ದ ಲೈನ್ ಇದು. ಮೂರೂವರೆ ವರ್ಷ ತಡವಾಯಿತು, ಖರ್ಚೂ ಕೈಮೀರಿತು.

ಊರು ಬಿಡುವ ಮೊದಲೇ: ಕಾರ್ಡ್

ಇಲ್ಲಿ ಟಿಕೆಟ್ ಕೌಂಟರ್ ಹುಡುಕಬೇಕಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನು ಅಥವಾ ಫೋನಿನಲ್ಲಿರುವ ಕಾರ್ಡನ್ನು ಗೇಟಿನ ಹಳದಿ ವೃತ್ತಕ್ಕೆ ತಾಗಿಸಿದರೆ ಸಾಕು. ಇಳಿದಾಗ ಮತ್ತೆ ತಾಗಿಸಬೇಕು. ದುಡ್ಡು ತಾನೇ ಲೆಕ್ಕ ಹಾಕಿಕೊಂಡು ಹೋಗುತ್ತದೆ. ದಿನಕ್ಕೆ ಇಷ್ಟು, ಸೋಮವಾರದಿಂದ ಭಾನುವಾರದವರೆಗೆ ಇಷ್ಟು ಅಂತ ಮಿತಿ ಇದೆ. ಅದು ದಾಟಿದ ಮೇಲೆ ಎಷ್ಟು ಓಡಾಡಿದರೂ ಕಡಿತವಾಗುವುದಿಲ್ಲ.

ನಮ್ಮ ದೇಶದ ಕಾರ್ಡ್ ಇಟ್ಟುಕೊಂಡು ಬರುವವರು ಒಂದು ಕೆಲಸ ಮನೆಯಲ್ಲೇ ಮಾಡಿಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡೂ ಆಫ್ ಆಗಿರುತ್ತವೆ. ಬ್ಯಾಂಕ್ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಮರೆತವರೇ ಜಾಸ್ತಿ. ಗೇಟಿನ ಮುಂದೆ ನಿಂತು, ಹಿಂದೆ ಜನ ಕಾಯುತ್ತಿರುವಾಗ ಒಟಿಪಿಗಾಗಿ ಒದ್ದಾಡುವುದು ಯಾರಿಗೂ ಬೇಡ. ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ನಡೆಯುತ್ತವೆ. ವಿದೇಶಿ ವ್ಯವಹಾರಕ್ಕೆ ನಿಮ್ಮ ಬ್ಯಾಂಕ್ ಶುಲ್ಕ ಹಾಕುತ್ತದಾ ಅಂತಲೂ ಒಮ್ಮೆ ಕೇಳಿಕೊಳ್ಳಿ.

ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡ್ ತಾಗಿಸಿ ಒಳಗೆ ಹೋಗಲು ಆಗುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹತ್ತುವಾಗ ಕಾರ್ಡ್ ತಾಗಿಸಿ ಇಳಿಯುವಾಗ ಅದೇ ಕಾರ್ಡ್ ಇರುವ ಫೋನ್ ತಾಗಿಸಿದರೆ, ಯಂತ್ರಕ್ಕೆ ಅವು ಎರಡು ಬೇರೆ ಬೇರೆ. ಎರಡು ಅರ್ಧ ಪ್ರಯಾಣ ಅಂತ ಲೆಕ್ಕ ಹಾಕಿ, ಎರಡಕ್ಕೂ ಅತಿ ಹೆಚ್ಚಿನ ದರ ಹಿಡಿಯುತ್ತದೆ. ಯಾವುದರಿಂದ ಶುರು ಮಾಡಿದಿರೋ ಅದರಲ್ಲೇ ಮುಗಿಸಿ.

ಆಯ್ಸ್ಟರ್, ಅಂದರೆ ಮೊದಲೇ ದುಡ್ಡು ತುಂಬಿಸಿಕೊಂಡು ಬಳಸುವ ಲಂಡನ್ ಸಾರಿಗೆಯ ಕಾರ್ಡ್, ಬೇಕಾ? ಲಂಡನ್ನಿನ ಒಳಗೇ ಇರುವವರಿಗೆ ಅದೂ ಸರಿ. ಆದರೆ ಕಾರ್ಡ್ ಕೊಳ್ಳಲು ಕೊಟ್ಟ ಶುಲ್ಕ ವಾಪಸ್ ಬರುವುದಿಲ್ಲ. ಮತ್ತೆ ಅದು ಪಶ್ಚಿಮದಲ್ಲಿ ವೆಸ್ಟ್ ಡ್ರೇಟನ್‌ವರೆಗೆ ಮತ್ತು ಹೀಥ್ರೋಗೆ ಮಾತ್ರ ನಡೆಯುತ್ತದೆ. ಅಲ್ಲಿಂದ ಆಚೆ ಐವರ್, ಲ್ಯಾಂಗ್ಲಿ, ಸ್ಲೌ, ಬರ್ನಮ್, ಟ್ಯಾಪ್ಲೋ, ಮೇಡನ್‌ಹೆಡ್, ಟ್ವೈಫರ್ಡ್, ರೆಡಿಂಗ್ ಎಲ್ಲಕ್ಕೂ ಕಾಂಟ್ಯಾಕ್ಟ್‌ಲೆಸ್ ಅಥವಾ ಟಿಕೆಟ್ಟೇ ಬೇಕು. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರು ತುಂಬಾ ಜನ ಇರುವುದು ಸ್ಲೌ, ರೆಡಿಂಗ್ ಕಡೆಯೇ. ಯಾರೋ ಸ್ನೇಹಿತರು ಪ್ರೀತಿಯಿಂದ ಕೊಟ್ಟ ಹಳೆಯ ಆಯ್ಸ್ಟರ್ ಇಟ್ಟುಕೊಂಡು ಸ್ಲೌನಲ್ಲಿ ಇಳಿದರೆ ಗೇಟ್ ತೆರೆಯುವುದಿಲ್ಲ, ಮೇಲಿಂದ ದಂಡದ ಮಾತು.

ವಿದ್ಯಾರ್ಥಿಗಳಿಗೆ ಮಾತ್ರ ಆಯ್ಸ್ಟರ್‌ನಲ್ಲಿ ಒಂದು ಲಾಭ ಇದೆ. 16–25 ರೈಲ್‌ಕಾರ್ಡ್ (ಆ ವಯಸ್ಸಿನವರಿಗೆ ರೈಲು ದರ ಕಡಿಮೆ ಮಾಡುವ ಕಾರ್ಡ್) ಮಾಡಿಸಿಕೊಂಡು, ನಿಲ್ದಾಣದ ಸಿಬ್ಬಂದಿ ಹತ್ತಿರ ಅದನ್ನು ಆಯ್ಸ್ಟರ್‌ಗೆ ಸೇರಿಸಿಕೊಂಡರೆ, ನೂಕುನುಗ್ಗಲಿಲ್ಲದ ಹೊತ್ತಿನ ದರದಲ್ಲಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬ್ಯಾಂಕ್ ಕಾರ್ಡಿಗೆ ಈ ರಿಯಾಯಿತಿ ಸೇರುವುದಿಲ್ಲ. ರೆಡಿಂಗ್ ವಿಶ್ವವಿದ್ಯಾಲಯಕ್ಕೆ ಬಂದವರು ರೈಲ್‌ಕಾರ್ಡ್ ತೋರಿಸಿ ಮಾಮೂಲಿ ಟಿಕೆಟ್ ತೆಗೆದುಕೊಳ್ಳಬೇಕು, ಅವರಿಗೆ ಈ ಆಯ್ಸ್ಟರ್ ಉಪಾಯ ಉಪಯೋಗವಿಲ್ಲ.

ಮಕ್ಕಳ ವಿಷಯ. 5 ವರ್ಷದೊಳಗಿನವರಿಗೆ ದುಡ್ಡಿಲ್ಲ. ದರದ ಲೆಕ್ಕಕ್ಕೆ ಮಾಡಿರುವ ಲಂಡನ್ ವಲಯಗಳ ಒಳಗೆ 5ರಿಂದ 10 ವರ್ಷದವರೂ ದೊಡ್ಡವರ ಜೊತೆ ಉಚಿತ. 11ರಿಂದ 15ರವರಿಗೆ ಆಯ್ಸ್ಟರ್ ತೆಗೆದುಕೊಂಡು, 'ಯಂಗ್ ವಿಸಿಟರ್' ರಿಯಾಯಿತಿ ಹಾಕಿಕೊಡಿ ಅಂತ ಸಿಬ್ಬಂದಿಯನ್ನು ಕೇಳಿ. 14 ದಿನದವರೆಗೆ ಅರ್ಧ ದರ.

ಹೀಥ್ರೋದಲ್ಲಿ: ಎರಡು ರೈಲು, ಒಂದೇ ಪ್ಲಾಟ್‌ಫಾರ್ಮ್

ವಿಮಾನ ಇಳಿದು, ಇಮಿಗ್ರೇಷನ್ ಮುಗಿಸಿ, ಲಗೇಜ್ ಎತ್ತಿಕೊಂಡು ಹೊರಬಂದ ಮೇಲೆ 'ಟ್ರೇನ್ಸ್' ಅನ್ನುವ ಬೋರ್ಡ್ ಹಿಡಿದು ನಡೆಯಿರಿ. ಟರ್ಮಿನಲ್ 2 ಮತ್ತು 3ಕ್ಕೆ ಸೇರಿ ಒಂದು ನಿಲ್ದಾಣ, 4ಕ್ಕೆ ಒಂದು, 5ಕ್ಕೆ ಒಂದು. ಒಂದು ಟರ್ಮಿನಲ್ಲಿಂದ ಇನ್ನೊಂದಕ್ಕೆ ಈ ರೈಲಿನಲ್ಲಿ ಹೋಗಲು ದುಡ್ಡಿಲ್ಲ.

ಜನ ಹೆಚ್ಚು ಎಡವುವುದು ಇಲ್ಲೇ. ಹೀಥ್ರೋ ಎಕ್ಸ್‌ಪ್ರೆಸ್ ಅಂತ ಇನ್ನೊಂದು ರೈಲು ಇದೆ. ಅದೂ ಇದೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಇದೇ ಕಾರ್ಡ್ ಅದಕ್ಕೂ ನಡೆಯುತ್ತದೆ. ನಡುವೆ ಎಲ್ಲೂ ನಿಲ್ಲದೆ ಸುಮಾರು 15 ನಿಮಿಷದಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ. ಆದರೆ ದರ ತುಂಬಾ ಜಾಸ್ತಿ. ಕಾರ್ಡ್ ತಾಗಿಸಿ, ಮೊದಲು ಬಂದ ರೈಲಿಗೆ ಹತ್ತಿ ಕುಳಿತರೆ, ಎಷ್ಟು ಹೋಯಿತು ಅಂತ ಗೊತ್ತಾಗುವುದು ಪ್ಯಾಡಿಂಗ್ಟನ್‌ನಲ್ಲಿ ಇಳಿದ ಮೇಲೆ. ಹತ್ತುವ ಮೊದಲು ಬೋರ್ಡ್ ನೋಡಿ. ಎಲಿಜಬೆತ್ ಲೈನ್ ಅಂತ ಬರೆದಿರಬೇಕು. ಅದು ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ಆಮೇಲೆ ಇಳಿಯದೆ ನೇರ ನಗರದ ನಡುವಿಗೆ ಹೋಗುತ್ತದೆ. ಎಕ್ಸ್‌ಪ್ರೆಸ್‌ನವರು ಪ್ಯಾಡಿಂಗ್ಟನ್‌ನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಬೇರೆ ರೈಲು ಹುಡುಕಬೇಕು. ಉಳಿಸಿದ 15 ನಿಮಿಷ ಅಲ್ಲೇ ಕರಗಿತು.

ದುಡ್ಡು ಇನ್ನೂ ಕಡಿಮೆ ಆಗಬೇಕು ಅನ್ನುವವರಿಗೆ ಪಿಕಾಡಿಲಿ ಲೈನ್ ಇದೆ. ಅದು ಹಳೆಯ ಟ್ಯೂಬ್, ಅಂದರೆ ಲಂಡನ್ನಿನ ಸುರಂಗ ಮೆಟ್ರೊ, ಬೋಗಿ ಚಿಕ್ಕದು, ನಗರದ ನಡುವಿಗೆ ಸುಮಾರು ಒಂದು ಗಂಟೆ. ಒಂದೇ ಬ್ಯಾಗ್ ಇದ್ದರೆ ನಾನೂ ಅದನ್ನೇ ಹತ್ತುತ್ತೇನೆ. ಉಪ್ಪಿನಕಾಯಿ, ಸಾಂಬಾರ್ ಪುಡಿ, ಕುಕ್ಕರ್ ಎಲ್ಲ ತುಂಬಿದ 23 ಕಿಲೋದ ಎರಡು ಸೂಟ್‌ಕೇಸ್ ಜೊತೆ ಬೇಡ.

ಯಾವ ರೈಲು? ಕೊನೆಯ ನಿಲ್ದಾಣ ಓದಿ

ಹೀಥ್ರೋದಿಂದ ಹೊರಡುವ ರೈಲುಗಳಲ್ಲಿ ಹೆಚ್ಚಿನವು ಆ್ಯಬಿ ವುಡ್‌ಗೆ, ಕೆಲವು ಶೆನ್‌ಫೀಲ್ಡ್‌ಗೆ. ನೀವು ಇಳಿಯುವುದು ಬಾಂಡ್ ಸ್ಟ್ರೀಟ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಫ್ಯಾರಿಂಗ್ಡನ್, ಲಿವರ್‌ಪೂಲ್ ಸ್ಟ್ರೀಟ್ ಇಂಥ ನಡುವಿನ ನಿಲ್ದಾಣವಾದರೆ ಯಾವುದು ಬಂದರೂ ಹತ್ತಿ. ತಲೆಕೆಡಿಸಿಕೊಳ್ಳಬೇಕಿರುವುದು ವೈಟ್‌ಚಾಪಲ್ ದಾಟಿ ಹೋಗುವವರು ಮಾತ್ರ.

ನಾನು ಬಂದ ಹೊಸತರಲ್ಲಿ ಇಲ್‌ಫರ್ಡ್‌ನಲ್ಲಿದ್ದ ಗೆಳೆಯನ ಮನೆಗೆ ಹೊರಟಿದ್ದೆ. ರೈಲಿನಲ್ಲಿ ತಣ್ಣಗೆ ಎಸಿ, ಒಳ್ಳೆ ಸೀಟು. ನಿದ್ದೆ ಹತ್ತಿತು. ಎದ್ದಾಗ ಕಿಟಕಿಯಲ್ಲಿ ಕಾಣುತ್ತಿದ್ದುದು ಕಸ್ಟಮ್ ಹೌಸ್. ಅಂದರೆ ಇನ್ನೊಂದು ಎಳೆಗೆ ಹೋಗಿಬಿಟ್ಟಿದ್ದೆ. ವಾಪಸ್ ವೈಟ್‌ಚಾಪಲ್‌ಗೆ ಬಂದು ರೈಲು ಬದಲಿಸಿದೆ. ಹೋಗುವಾಗಲೇ ಅಲ್ಲಿ ಇಳಿದಿದ್ದರೆ ತುಂಬಾ ಸುಲಭವಿತ್ತು. ಪೂರ್ವಕ್ಕೆ ಹೋಗುವ ಎರಡೂ ಕಡೆಯ ರೈಲುಗಳು ವೈಟ್‌ಚಾಪಲ್‌ನಲ್ಲಿ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ತಪ್ಪು ರೈಲಿನಲ್ಲಿದ್ದರೆ ಇಳಿದು ಅಲ್ಲೇ ನಿಂತು, ಮುಂದಿನದರ ಬೋರ್ಡ್ ನೋಡಿ ಹತ್ತಿದರಾಯಿತು. ಕಾರ್ಡ್ ಮತ್ತೆ ತಾಗಿಸುವುದೂ ಬೇಡ.

ಪಶ್ಚಿಮಕ್ಕೆ ಬರುವಾಗಲೂ ಹೀಗೇ. ತುಂಬಾ ರೈಲುಗಳು ಪ್ಯಾಡಿಂಗ್ಟನ್‌ಗೇ ಮುಗಿಯುತ್ತವೆ. ಅದರಲ್ಲಿ ಹತ್ತಿದ್ದರೆ ಗಾಬರಿ ಬೇಡ. ಇಳಿದು ಅದೇ ಜಾಗದಲ್ಲಿ ಹೀಥ್ರೋ ಅಥವಾ ರೆಡಿಂಗ್ ರೈಲಿಗೆ ಕಾಯಿರಿ. ಸಾಧ್ಯವಾದರೆ ಮೊದಲೇ ನೇರ ರೈಲಿಗೆ ಕಾದು ಹತ್ತಿದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ. ವಿಮಾನ ಹಿಡಿಯಲು ಹೋಗುವವರು ಟರ್ಮಿನಲ್ 4ರ ರೈಲೋ 5ರದೋ ಅಂತಲೂ ಓದಿಕೊಳ್ಳಿ. 2 ಮತ್ತು 3ಕ್ಕಾದರೆ ಎರಡೂ ನಿಲ್ಲುತ್ತವೆ.

ಹೀಥ್ರೋದಿಂದ ಸ್ಲೌ, ರೆಡಿಂಗ್ ಕಡೆಗೆ ನೇರ ರೈಲು ಇಲ್ಲ. ನಕ್ಷೆಯಲ್ಲಿ ಸ್ಲೌ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ, ಆದರೂ ಲಂಡನ್ ಕಡೆಗೆ ಹೋಗುವ ರೈಲು ಹತ್ತಿ, ಹೇಸ್ ಅಂಡ್ ಹಾರ್ಲಿಂಗ್ಟನ್‌ನಲ್ಲಿ ಇಳಿದು, ಪಶ್ಚಿಮಕ್ಕೆ ಹೋಗುವ ಪ್ಲಾಟ್‌ಫಾರ್ಮಿಗೆ ಹೋಗಬೇಕು. ಲಿಫ್ಟ್ ಇದೆ. ಗೇಟಿನಿಂದ ಹೊರಗೆ ಹೋಗಬೇಡಿ, ಕಾರ್ಡ್ ತಾಗಿಸಬೇಡಿ. ಈ ಕಡೆಗೆ ರೈಲುಗಳು ಕಡಿಮೆ, ಸ್ವಲ್ಪ ಕಾಯಬೇಕಾಗುತ್ತದೆ. ಚಳಿಗಾಲವಾದರೆ ಜಾಕೆಟ್ ಸೂಟ್‌ಕೇಸಿನ ತಳದಲ್ಲಿ ಇರದಿರಲಿ.

ರೈಲಿನ ಯಾವ ತುದಿಯಲ್ಲಿ ಕೂರಬೇಕು

ಒಂಬತ್ತು ಬೋಗಿಯ ಈ ರೈಲಿನ ಉದ್ದ 200 ಮೀಟರಿಗೂ ಜಾಸ್ತಿ. ಒಳಗೇ ಈ ತುದಿಯಿಂದ ಆ ತುದಿಗೆ ನಡೆಯಬಹುದು, ನಡುವೆ ಬಾಗಿಲಿಲ್ಲ. ನಿಲ್ದಾಣಗಳೂ ಅಷ್ಟೇ ಉದ್ದ, ಎರಡು ತುದಿಯ ಎರಡು ಬಾಗಿಲು ಎರಡು ಬೇರೆ ಬೀದಿಗೆ ತೆರೆಯುತ್ತವೆ. ಲಿವರ್‌ಪೂಲ್ ಸ್ಟ್ರೀಟ್ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿ ಮೂರ್‌ಗೇಟ್ ನಿಲ್ದಾಣಕ್ಕೆ ಸೇರುತ್ತದೆ. ಫ್ಯಾರಿಂಗ್ಡನ್‌ನ ಇನ್ನೊಂದು ತುದಿ ಬಾರ್ಬಿಕನ್‌ಗೆ. ತಪ್ಪು ತುದಿಯಿಂದ ಮೇಲೆ ಬಂದರೆ ಫೋನಿನ ಮ್ಯಾಪ್ ಕೂಡ ಗೊಂದಲ ಮಾಡುತ್ತದೆ.

ಹೀಥ್ರೋ ಕಡೆಯಿಂದ ಬರುವಾಗ ನನ್ನ ಲೆಕ್ಕ ಹೀಗೆ. ಆಕ್ಸ್‌ಫರ್ಡ್ ಸರ್ಕಸ್ ಕಡೆ ಹೋಗಬೇಕಾದರೆ ಬಾಂಡ್ ಸ್ಟ್ರೀಟ್‌ನಲ್ಲಿ ಮುಂದಿನ ತುದಿ, ಅದು ಹ್ಯಾನೋವರ್ ಸ್ಕ್ವೇರ್ ಬಾಗಿಲು. ಸೋಹೋ ಕಡೆಗಾದರೆ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಹಿಂದಿನ ತುದಿ. ಗ್ಯಾಟ್‌ವಿಕ್ ಅಥವಾ ಲೂಟನ್ ವಿಮಾನ ನಿಲ್ದಾಣಕ್ಕೆ ಹೋಗುವ ಥೇಮ್ಸ್‌ಲಿಂಕ್ ರೈಲಿಗಾದರೆ ಫ್ಯಾರಿಂಗ್ಡನ್‌ನಲ್ಲಿ ಹಿಂದಿನ ತುದಿ. ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದ ರೈಲಿಗೆ ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಮುಂದಿನ ತುದಿ. ಹೋಗುವ ದಿಕ್ಕು ಬದಲಾದರೆ ಇದೆಲ್ಲ ತಿರುಗುಮುರುಗು.

ಅಪ್ಪ ಅಮ್ಮನನ್ನು ಕರೆತರುವಾಗ

41 ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದೆ ಹೋಗಬಹುದು. ಹೀಥ್ರೋದಲ್ಲೂ, ಪ್ಯಾಡಿಂಗ್ಟನ್‌ನಿಂದ ವುಲಿಚ್‌ವರೆಗಿನ ಹೊಸ ನಿಲ್ದಾಣಗಳಲ್ಲೂ ಪ್ಲಾಟ್‌ಫಾರ್ಮ್ ಮತ್ತು ರೈಲು ಒಂದೇ ಮಟ್ಟದಲ್ಲಿವೆ. ಗಾಲಿಕುರ್ಚಿ ನೇರ ಒಳಗೆ ಉರುಳುತ್ತದೆ. ಉಳಿದ ಕಡೆ ಒಂದು ಮೆಟ್ಟಿಲಿನಷ್ಟು ಅಂತರ ಇರುತ್ತದೆ. ಸಿಬ್ಬಂದಿಗೆ ಹೇಳಿದರೆ ಹಲಗೆ ಹಾಕುತ್ತಾರೆ. ಕೇಳಲು ಸಂಕೋಚ ಬೇಡ, ಅದು ಅವರ ಕೆಲಸವೇ.

ಒಂದು ಮಾತು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ: ಈ ರೈಲಿನಲ್ಲಿ ಟಾಯ್ಲೆಟ್ ಇಲ್ಲ. ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಹಿರಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ಹೀಥ್ರೋದಲ್ಲಿ ಗೇಟ್ ದಾಟುವ ಮೊದಲೇ ಕರೆದುಕೊಂಡು ಹೋಗಿಬನ್ನಿ. ಲಂಡನ್ನಿನಿಂದ ರೆಡಿಂಗ್‌ಗೆ ಹೋಗುವವರಿಗೆ ನನ್ನ ಸಲಹೆ ಬೇರೆಯೇ. ಪ್ಯಾಡಿಂಗ್ಟನ್‌ನಲ್ಲಿ ಇಳಿದು, ಮೇಲೆ ಹೋಗಿ, ಗ್ರೇಟ್ ವೆಸ್ಟರ್ನ್ ರೈಲು ಹತ್ತಿ. ಅದೇ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ನಡೆಯುತ್ತದೆ, ವೇಗದ ರೈಲಾದರೆ ಅರ್ಧ ಗಂಟೆಯೊಳಗೆ ರೆಡಿಂಗ್, ಟಾಯ್ಲೆಟ್ಟೂ ಇದೆ. ಎಲಿಜಬೆತ್ ಲೈನ್ ಊರೂರಲ್ಲೂ ನಿಂತು ಹೋಗುವುದರಿಂದ ಹತ್ತಿರ ಹತ್ತಿರ ಒಂದು ಗಂಟೆ. ನೇರಳೆ ಬಣ್ಣದ ಮೇಲಿನ ಪ್ರೀತಿಗೆ ಅಷ್ಟು ಹೊತ್ತು ಕೂರಬೇಕಾಗಿಲ್ಲ.

ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಿ ಅಂತ ಅವರಿಗೆ ಮೊದಲೇ ಹೇಳಿ. ಎಡಗಡೆ ಓಡುವವರಿಗೆ. ನಮ್ಮಮ್ಮ ಎಸ್ಕಲೇಟರ್ ಕಂಡರೇ ಹೆದರುತ್ತಾರೆ, ಹಾಗಾಗಿ ನಮಗೆ ಎಲ್ಲ ಕಡೆ ಲಿಫ್ಟೇ. ಫ್ಯಾರಿಂಗ್ಡನ್‌ನಲ್ಲಿ ಲಿಫ್ಟ್ ನೆಟ್ಟಗೆ ಇಳಿಯದೆ ಇಳಿಜಾರಿನಲ್ಲಿ ಜಾರಿಕೊಂಡು ಇಳಿಯುತ್ತದೆ. ಅಮ್ಮ ಅದನ್ನು ಹಾಸನದಲ್ಲಿ ಎಲ್ಲರಿಗೂ ಹೇಳಿದ್ದಾರೆ.

ಹೊತ್ತು ನೋಡಿ ಹೊರಡಿ

ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ನೂಕುನುಗ್ಗಲಿನ ಹೊತ್ತು. ದರವೂ ಜಾಸ್ತಿ. ಸುತ್ತಾಡಲು ಹೊರಡುವವರು ಬೆಳಿಗ್ಗೆ ತಿಂಡಿ ನಿಧಾನವಾಗಿ ಮುಗಿಸಿ 9:30ರ ಮೇಲೆ ಕಾರ್ಡ್ ತಾಗಿಸಿ. ಹೀಥ್ರೋದಿಂದ ನಗರದ ನಡುವಿಗೆ ಮಾತ್ರ ಯಾವ ಹೊತ್ತಿನಲ್ಲೂ ಒಂದೇ ದರ, ಕಾದು ಪ್ರಯೋಜನವಿಲ್ಲ.

ರಾತ್ರಿಯಿಡೀ ಈ ಲೈನ್ ಓಡುವುದಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ನಿಂತು ಬೆಳಗಿನ ಜಾವ ಶುರುವಾಗುತ್ತದೆ. ವಿಮಾನ ತಡವಾಗಿ ಇಳಿದರೆ, ಶುಕ್ರವಾರ ಮತ್ತು ಶನಿವಾರ ರಾತ್ರಿ ಪಿಕಾಡಿಲಿ ಲೈನ್ ಇರುತ್ತದೆ, ಆದರೆ ಆ ಹೊತ್ತಿನಲ್ಲಿ ಅದು ಟರ್ಮಿನಲ್ 4ಕ್ಕೆ ಬರುವುದಿಲ್ಲ. ಉಳಿದ ದಿನ ಎನ್9 ಬಸ್ ನಗರದ ನಡುವಿಗೆ ಹೋಗುತ್ತದೆ.

ಭಾನುವಾರ ಹಳಿ ರಿಪೇರಿ ಇಟ್ಟುಕೊಳ್ಳುವುದು ಇಲ್ಲಿನ ವಾಡಿಕೆ. ಪಶ್ಚಿಮದ ಕಡೆ ಕೆಲವು ಭಾನುವಾರ ಅರ್ಧ ದಾರಿಯೇ ಮುಚ್ಚಿರುತ್ತದೆ. ಹಿಂದಿನ ರಾತ್ರಿ ಲಂಡನ್ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್‌ನ ಟಿಎಫ್‌ಎಲ್ ಗೋ ಆ್ಯಪ್ ನೋಡಿ ಮಲಗಿ. ಡಿಸೆಂಬರ್ 25ರಂದು ರೈಲೇ ಇಲ್ಲ. ಆ ದಿನಕ್ಕೆ ಟಿಕೆಟ್ ಅಗ್ಗ ಅಂತ ವಿಮಾನ ಬುಕ್ ಮಾಡುವವರು ಮನೆಗೆ ಹೋಗುವ ಟ್ಯಾಕ್ಸಿಯ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ.

ತಪ್ಪಾದರೆ

ಹೊರಗಿನ ಕೆಲವು ನಿಲ್ದಾಣಗಳಲ್ಲಿ ಗೇಟ್ ತೆರೆದೇ ಇರಬಹುದು. ಯಾರೂ ತಡೆಯಲಿಲ್ಲ ಅಂತ ಸುಮ್ನೆ ನಡೆದು ಬರಬೇಡಿ. ಕಾರ್ಡ್ ತಾಗಿಸುವ ಯಂತ್ರ ಹುಡುಕಿ ತಾಗಿಸಿ. ಮರೆತರೆ ಅತಿ ಹೆಚ್ಚಿನ ದರ ಕಡಿತವಾಗುತ್ತದೆ. ಹಾಗೆ ಆದರೆ ಟಿಎಫ್‌ಎಲ್ ಖಾತೆಗೆ ಲಾಗಿನ್ ಆಗಿ, ಎಲ್ಲಿ ಇಳಿದಿರಿ ಅಂತ ಹೇಳಿ ವಾಪಸ್ ಕೇಳಬಹುದು. ನನಗೆ ಎರಡು ಸಲ ಬಂದಿದೆ. ರೈಲಿನ ತಪ್ಪಿನಿಂದ 30 ನಿಮಿಷ ಅಥವಾ ಹೆಚ್ಚು ತಡವಾದರೂ ದುಡ್ಡು ವಾಪಸ್ ಸಿಗುತ್ತದೆ, 28 ದಿನದೊಳಗೆ ಕೇಳಬೇಕು. ತುಂಬಾ ಜನ ಕೇಳುವುದೇ ಇಲ್ಲ.

ಈ ರೈಲಿನಲ್ಲಿ ಎಲ್ಲಿಗೆ ಹೋಗಬಹುದು

ಬಂದ ಮೊದಲ ವಾರ ಸೌತಾಲ್‌ಗೆ ಹೋಗಿ. ಕರಿಬೇವು, ತೊಗರಿಬೇಳೆ, ನುಗ್ಗೆಕಾಯಿ ಎಲ್ಲ ಸಿಗುತ್ತದೆ. ದೋಸೆ ಬೇಕೆನಿಸಿದರೆ ಪೂರ್ವಕ್ಕೆ ಹೋಗಿ. ಮ್ಯಾನರ್ ಪಾರ್ಕ್‌ನಲ್ಲಿ ಇಳಿದು ಈಸ್ಟ್ ಹ್ಯಾಮ್ ಕಡೆ ನಡೆದರೆ ದಾರಿಯಲ್ಲಿ ಮುರುಗನ್ ದೇವಸ್ಥಾನ, ಮುಂದೆ ಹೋದರೆ ದಕ್ಷಿಣದ ಹೋಟೆಲುಗಳು. ಕ್ಯಾನರಿ ವಾರ್ಫ್ ನಿಲ್ದಾಣ ನೀರಿನ ನಡುವೆ ಕಟ್ಟಿದ್ದು, ಅದರ ತಲೆಯ ಮೇಲೆ ಮರದ ಚಾವಣಿಯ ಒಂದು ತೋಟ ಇದೆ. ನೋಡಲು ದುಡ್ಡಿಲ್ಲ.

ಅಪ್ಪ ಅಮ್ಮ ಬಂದಾಗ ನಾವು ತಪ್ಪದೆ ಹೋಗುವುದು ಬಸವಣ್ಣನವರ ಪ್ರತಿಮೆಗೆ. ಥೇಮ್ಸ್ ನದಿಯ ದಂಡೆಯಲ್ಲಿದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಬಾಂಡ್ ಸ್ಟ್ರೀಟ್‌ನಲ್ಲಿ ಇಳಿದು ಜೂಬಿಲಿ ಲೈನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿ ಪಕ್ಕದ ಕಾಲುದಾರಿಯಲ್ಲಿ ನಡೆಯಿರಿ. ಎದುರು ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತಿರುತ್ತದೆ. ಸೇಂಟ್ ಥಾಮಸ್ ಆಸ್ಪತ್ರೆ ದಾಟಿ, ಲ್ಯಾಂಬೆತ್ ಸೇತುವೆಯೂ ದಾಟಿದ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಸಣ್ಣ ತೋಟದಲ್ಲಿ ಬಸವಣ್ಣ. ಅಮ್ಮನ ನಡಿಗೆಯಲ್ಲಿ ನಮಗೆ 40 ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಕೂರಲು ಬೆಂಚುಗಳಿವೆ.